ಎಂ. ವಿಶ್ವೇಶ್ವರಯ್ಯ ಮತ್ತು ಸುರಕ್ಷತಾ ತಂತ್ರಜ್ಞಾನ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ (ಸೆಪ್ಟೆಂಬರ್ 15, 1861, ಕೆಲವು ಆಕರಗಳಲ್ಲಿ 1860 – ಏಪ್ರಿಲ್ 1962) ಭಾರತದ ಹೆಸರಾಂತ ಎಂಜಿನಿಯರ್, ಮೈಸೂರು ಸಂಸ್ಥಾನದ ದಿವಾನರು ಹಾಗೂ ಭಾರತರತ್ನ ಪುರಸ್ಕೃತರು. ಅವರ ಜನ್ಮದಿನವನ್ನು ಭಾರತದಲ್ಲಿ ಎಂಜಿನಿಯರುಗಳ ದಿನವೆಂದು ಆಚರಿಸಲಾಗುತ್ತದೆ. ಕೈಗಾರಿಕಾ ಸಂಸ್ಕರಣಾ ಸುರಕ್ಷತೆಯಲ್ಲಿ ಇಂದು ಬಳಕೆಯಲ್ಲಿರುವ ಪಾರಿಭಾಷಿಕ ಪದಗಳು ಅವರ ಕಾಲದಲ್ಲಿ ಇರಲಿಲ್ಲ. ಆದರೂ ಆ ಪದಗಳ ಹಿಂದಿರುವ ಹಲವು ತತ್ತ್ವಗಳನ್ನು ಅವರ ಕಾಮಗಾರಿಗಳಲ್ಲಿ ಕಾಣಬಹುದು.

ಬಾಲ್ಯ ಮತ್ತು ಶಿಕ್ಷಣ

ವಿಶ್ವೇಶ್ವರಯ್ಯನವರು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಪದವಿ ಪಡೆದು, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮುಗಿಸಿದರು. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇವೆಗೆ ಸೇರಿದರು.

ಸ್ವಯಂಚಾಲಿತ ಬಾಗಿಲುಗಳು

ಪುಣೆಯ ಸಮೀಪದ ಖಡಕವಾಸ್ಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚುವರಿ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಕೋಡಿಯನ್ನು ಶಾಶ್ವತವಾಗಿ ಎತ್ತರಿಸಿದರೆ ಪ್ರವಾಹದ ಸಮಯದಲ್ಲಿ ಹಳೆಯ ಅಣೆಕಟ್ಟಿನ ಮೇಲೆ ಅಪಾಯಕರ ಹೊರೆ ಬೀಳುತ್ತಿತ್ತು. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ತಾವೇ ವಿನ್ಯಾಸಗೊಳಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿದರು. ನೀರು ನಿಗದಿತ ಮಟ್ಟವನ್ನು ಮೀರಿದೊಡನೆ ಆ ನೀರಿನ ಬಲದಿಂದಲೇ ಬಾಗಿಲುಗಳು ತೆರೆದುಕೊಳ್ಳುತ್ತಿದ್ದವು. ಮಟ್ಟ ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು. ಇಂತಹ ಬಾಗಿಲುಗಳನ್ನು ಮುಂದೆ ಗ್ವಾಲಿಯರಿನ ಟಿಗ್ರಾ ಮತ್ತು ಮೈಸೂರಿನ ಕೃಷ್ಣರಾಜಸಾಗರ ಅಣೆಕಟ್ಟುಗಳಲ್ಲಿಯೂ ಬಳಸಲಾಯಿತು.

ಬಾಯ್ಲರಿನ ಸುರಕ್ಷತಾ ಕವಾಟ ಮಾಡುವ ಕೆಲಸವೂ ಇದೇ. ಒತ್ತಡವು ನಿಗದಿತ ಮಿತಿಯನ್ನು ದಾಟಿದಾಗ ಕವಾಟವು ತಾನಾಗಿ ತೆರೆದು ಉಗಿಯನ್ನು ಹೊರಬಿಡುತ್ತದೆ. ನಡುರಾತ್ರಿಯ ಪ್ರವಾಹದಲ್ಲಿ ಕಾವಲುಗಾರನು ಎಚ್ಚೆತ್ತು ಬರುವವರೆಗೆ ಕಾಯದೆ ರಕ್ಷಣೆ ದೊರೆಯಬೇಕು ಎಂಬುದೇ ಇದರ ಸಾರ. ಹಳೆಯ ಸ್ಥಾವರಕ್ಕೆ ಹೊಸ ಭಾಗವನ್ನು ಸೇರಿಸುವ ಮುನ್ನ ಅದರ ಪರಿಣಾಮವನ್ನು ಲೆಕ್ಕಹಾಕುವುದಕ್ಕೆ ಇಂದು ಬದಲಾವಣೆಯ ನಿರ್ವಹಣೆ ಎಂಬ ಹೆಸರಿದೆ.

ಅಂದು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ವಿಜಯಪುರದಲ್ಲಿ ಇದೇ ಬಗೆಯ ತತ್ತ್ವದ ಹೆಚ್ಚು ಹಳೆಯ ನಿದರ್ಶನವಿದೆ. 17ನೆಯ ಶತಮಾನದಲ್ಲಿ ಮುಹಮ್ಮದ್ ಆದಿಲ್ ಶಾಹನು ಕಟ್ಟಿಸಿದ ಬೇಗಂ ತಲಾಬಿನಿಂದ ನಗರಕ್ಕೆ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯುತ್ತಿತ್ತು. ಒತ್ತಡ ಹೆಚ್ಚಿ ಕೊಳವೆಗಳು ಒಡೆಯದಂತೆ ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ನಿರ್ಮಿಸಲಾಗಿತ್ತು.

ಹೈದರಾಬಾದಿನ ಪ್ರವಾಹ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯ ಪ್ರವಾಹವು ಹೈದರಾಬಾದನ್ನು ಧ್ವಂಸಗೊಳಿಸಿತು. ಸುಮಾರು 15,000 ಜನರು ಮೃತಪಟ್ಟರೆಂದು ಅಂದಾಜಿಸಲಾಗಿದೆ. ಮುಂಬೈ ಸೇವೆಯಿಂದ ನಿವೃತ್ತಿ ಬಯಸಿ ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಸಲಹೆಗಾಗಿ ಆಹ್ವಾನಿಸಿತು. ಅವರು 1909ರಲ್ಲಿ ಹೈದರಾಬಾದಿಗೆ ಬಂದು ಮಳೆಯ ಪ್ರಮಾಣ, ನದಿಯ ಹರಿವು ಮತ್ತು ಜಲಾನಯನ ಪ್ರದೇಶದ ಸ್ಥಿತಿಯನ್ನು ಅಧ್ಯಯನ ಮಾಡಿದರು. ಭಾರಿ ಮಳೆಯ ಜೊತೆಗೆ ಮೇಲ್ಭಾಗದ ಅನೇಕ ಕೆರೆಗಳು ಒಡೆದದ್ದರಿಂದ ಪ್ರವಾಹ ಇನ್ನಷ್ಟು ಉಗ್ರವಾಗಿತ್ತು. ಒಂದು ವೈಫಲ್ಯವು ಮತ್ತೊಂದಕ್ಕೆ ಕಾರಣವಾಗುವ ಇಂತಹ ಸ್ಥಿತಿಯನ್ನು ಕಾರ್ಖಾನೆಗಳ ಸಂದರ್ಭದಲ್ಲಿ ಸರಣಿ ಪರಿಣಾಮ ಎನ್ನುತ್ತಾರೆ.

ನಗರದಲ್ಲಿ ಪರಿಹಾರ ಕಾರ್ಯ ಮಾತ್ರ ಸಾಲದು, ನೀರನ್ನು ನಗರದ ಮೇಲ್ಭಾಗದಲ್ಲೇ ತಡೆಯಬೇಕು ಎಂಬುದು ಅವರ ಸಲಹೆಯಾಗಿತ್ತು. ಅದರಂತೆ ಮೂಸಿ ನದಿಗೆ ಉಸ್ಮಾನ್ ಸಾಗರ (1920) ಮತ್ತು ಈಸಿ ನದಿಗೆ ಹಿಮಾಯತ್ ಸಾಗರ (1927) ಜಲಾಶಯಗಳು ನಿರ್ಮಾಣಗೊಂಡವು. ಅಪಾಯಮೂಲವನ್ನು ಗುರುತಿಸಿ ಅದನ್ನು ಮೂಲದಲ್ಲೇ ತಗ್ಗಿಸುವುದು ಸಂಸ್ಕರಣಾ ಸುರಕ್ಷತೆಯಲ್ಲಿಯೂ ಮೊದಲ ಆದ್ಯತೆಯಾಗಿದೆ.

ಮೈಸೂರು ಮತ್ತು ಭದ್ರಾವತಿ

ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾದರು. 1911ರಲ್ಲಿ ಕೃಷ್ಣರಾಜಸಾಗರದ ಕಾಮಗಾರಿ ಆರಂಭವಾಯಿತು. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. ಈ ಅವಧಿಯಲ್ಲಿ ಮೈಸೂರು ಬ್ಯಾಂಕ್ (1913), ಮೈಸೂರು ವಿಶ್ವವಿದ್ಯಾಲಯ (1916) ಮತ್ತು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು (1917) ಸ್ಥಾಪನೆಯಾದವು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅಲ್ಲಿ ಇದ್ದಿಲಿನಿಂದ ಕುಲುಮೆ ನಡೆಯುತ್ತಿತ್ತು. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಹಾಗೂ ಮೀಥೈಲ್ ಆಲ್ಕೊಹಾಲಿನಂತಹ ಉಪೋತ್ಪನ್ನಗಳನ್ನು ಪಡೆಯುವ ಘಟಕವೂ ಇತ್ತು. ಉರಿಯುವ ಅನಿಲ, ದಹನಶೀಲ ದ್ರವ ಮತ್ತು ಅತಿ ಶಾಖ ಒಂದೇ ಆವರಣದಲ್ಲಿರುವ ಇಂತಹ ಕಾರ್ಖಾನೆ ಸಂಸ್ಕರಣಾ ಸುರಕ್ಷತೆಯ ವ್ಯಾಪ್ತಿಗೆ ನೇರವಾಗಿ ಸೇರುತ್ತದೆ. ನಷ್ಟದಲ್ಲಿದ್ದ ಕಾರ್ಖಾನೆಯ ಅಧ್ಯಕ್ಷರಾಗಿ ವಿಶ್ವೇಶ್ವರಯ್ಯನವರು ಸ್ಥಳೀಯ ಸಿಬ್ಬಂದಿಗೆ ತರಬೇತಿ ನೀಡಿ ಹೊಣೆಗಾರಿಕೆ ವಹಿಸಲು ಒತ್ತುಕೊಟ್ಟರು. ಅದಕ್ಕೆ ಮುಂದೆ ಅವರ ಹೆಸರನ್ನೇ ಇಡಲಾಯಿತು.

ಪ್ರಸ್ತುತತೆ

1984ರ ಡಿಸೆಂಬರ್ 2–3ರ ರಾತ್ರಿ ಸಂಭವಿಸಿದ ಭೋಪಾಲ್ ಅನಿಲ ದುರಂತದ ನಂತರ ಸಂಸ್ಕರಣಾ ಸುರಕ್ಷತೆ ಜಗತ್ತಿನ ಗಮನ ಸೆಳೆಯಿತು. ಅಮೆರಿಕದಲ್ಲಿ 1992ರಲ್ಲಿ ಇದಕ್ಕೆಂದೇ ನಿಯಮಗಳು ಜಾರಿಗೆ ಬಂದವು. ಭೋಪಾಲಿನಲ್ಲಿ ರಕ್ಷಣಾ ಸಾಧನಗಳು ಇದ್ದವು. ಆದರೆ ಶೀತಲೀಕರಣ ಘಟಕವನ್ನು ನಿಲ್ಲಿಸಲಾಗಿತ್ತು, ಅನಿಲವನ್ನು ಸುಡುವ ಗೋಪುರವೂ ಕೆಲಸ ಮಾಡುತ್ತಿರಲಿಲ್ಲ. ಒಂದು ತಪ್ಪಿದರೆ ಇನ್ನೊಂದು ಕಾಯುವಂತೆ ಜೋಡಿಸಿದ ಇಂತಹ ಏರ್ಪಾಡುಗಳನ್ನು ರಕ್ಷಣಾ ಪದರಗಳು ಎನ್ನುತ್ತಾರೆ. ಸಾಧನವನ್ನು ಅಳವಡಿಸಿದಷ್ಟೇ ಮುಖ್ಯವಾದದ್ದು ಅದರ ನಿರಂತರ ತಪಾಸಣೆ ಮತ್ತು ದುರಸ್ತಿ.

ಗೌರವಗಳು

1915ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ನೈಟ್ ಪದವಿ ನೀಡಿತು. 1955ರಲ್ಲಿ ಭಾರತರತ್ನ ಪ್ರಶಸ್ತಿ ದೊರೆಯಿತು. ಜನ್ಮಶತಮಾನೋತ್ಸವದ ನಿಮಿತ್ತ 1960ರಲ್ಲಿ ಭಾರತೀಯ ಅಂಚೆ ಇಲಾಖೆ ಅಂಚೆಚೀಟಿಯನ್ನು ಹೊರತಂದಿತು. ಮುದ್ದೇನಹಳ್ಳಿಯಲ್ಲಿ ಅವರ ಸ್ಮಾರಕವಿದೆ.