ಅಲೆಗಳ ನಡುವೆ ಅಚಲ ಭರವಸೆ

ಪೂರ್ವದೇಶಗಳ ಪ್ರೇಷಿತರೆಂದು ಖ್ಯಾತರಾದ ಸಂತ ಫ್ರಾನ್ಸಿಸ್ ಕ್ಸೇವಿಯರ್ 1506ರ ಏಪ್ರಿಲ್ 7ರಂದು ಇಂದಿನ ಸ್ಪೇನ್ ದೇಶದ ನವಾರ ಪ್ರಾಂತದಲ್ಲಿ ಜನಿಸಿದರು. ಪ್ಯಾರಿಸ್ಸಿನಲ್ಲಿ ತತ್ತ್ವಶಾಸ್ತ್ರವನ್ನು ಕಲಿತು, ಬಳಿಕ ಅಲ್ಲಿಯೇ ಅದನ್ನು ಬೋಧಿಸಿದರು. ಸಂತ ಇಗ್ನೇಷಿಯಸರ ಗೆಳೆತನ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. 1534ರ ಆಗಸ್ಟ್ 15ರಂದು ಆ ಗೆಳೆಯರ ಬಳಗದೊಡನೆ ವ್ರತ ಕೈಗೊಂಡ ಅವರು 1542ರ ಮೇ 6ರಂದು ಗೋವೆಯನ್ನು ತಲುಪಿದರು.

1547ರಲ್ಲಿ ಮಲಾಕಾದಲ್ಲಿ ಅವರಿಗೆ ಆಂಜಿರೊ ಎಂಬ ಜಪಾನೀಯನ ಪರಿಚಯವಾಯಿತು. ಕೊಲೆಯೊಂದನ್ನು ಮಾಡಿ, ಸ್ವದೇಶ ತೊರೆದು, ಪಾಪಪ್ರಜ್ಞೆಯಿಂದ ಬೆಂದಿದ್ದ ಆತ ಗೋವೆಗೆ ಬಂದು ಮರುವರ್ಷ ದೀಕ್ಷಾಸ್ನಾನ ಪಡೆದು ಪೌಲನಾದ. ಅವನ ನಾಡಿಗೆ ಶುಭಸಂದೇಶವನ್ನು ಒಯ್ಯುವ ಹಂಬಲ ಕ್ಸೇವಿಯರರಲ್ಲಿ ಬಲಿಯಿತು.

1549ರ ಜೂನ್ 24ರಂದು ಮಲಾಕಾದಿಂದ ಯಾತ್ರೆ ಹೊರಟಿತು. ಫಾದರ್ ಕೋಸ್ಮೆ ದೆ ತೋರೆಸ್, ಬ್ರದರ್ ಹುವಾನ್ ಫೆರ್ನಾಂಡೆಸ್, ಪೌಲ, ಅವನ ಇಬ್ಬರು ಜಪಾನೀ ಸಂಗಡಿಗರು, ಚೀನಾದ ಮಾನುವೆಲ್, ಭಾರತದ ಅಮಾದೋರ್ ಅವರ ಜತೆಗಾರರು. ದೊರೆತದ್ದು ಚೀನೀ ವರ್ತಕನೊಬ್ಬನ ಹಾಯಿಹಡಗು. ಜನ ಅವನನ್ನು ಕರೆಯುತ್ತಿದ್ದುದೇ ಕಳ್ಳನೆಂಬ ಅಡ್ಡಹೆಸರಿನಿಂದ! ಹೆಜ್ಜೆಹೆಜ್ಜೆಗೂ ವಿಗ್ರಹದ ಮುಂದೆ ಕಣಿ ಕೇಳದೆ ಅವನು ಹಾಯಿ ಬಿಚ್ಚುತ್ತಿರಲಿಲ್ಲ. ಹಡಗು ಜಪಾನಿನಿಂದ ಮರಳದೆಂದು ಕಣಿ ಬಂದಾಗ ಚೀನಾದಲ್ಲಿಯೇ ಚಳಿಗಾಲ ಕಳೆಯಲು ಮನಸ್ಸು ಮಾಡಿದನು.

ಜುಲೈ 21ರಂದು ಇಂದಿನ ವಿಯೆಟ್ನಾಮಿನ ಕರಾವಳಿಯಲ್ಲಿ ಹಡಗು ಲಂಗರು ಹಾಕಿತ್ತು. ಕಡಲು ಭೋರ್ಗರೆಯುತ್ತಿತ್ತು. ಹಡಗು ಹೊಯ್ದಾಡಿದಾಗ, ತೆರೆದಿದ್ದ ಕಂಡಿಯಲ್ಲಿ ಮಾನುವೆಲ್ ತಲೆಕೆಳಗಾಗಿ ಬಿದ್ದನು. ತಳದ ನೀರಿನಿಂದ ಅವನನ್ನು ಮೇಲೆತ್ತುವುದೇ ಕಷ್ಟವಾಯಿತು; ತಲೆಗೆ ತೀವ್ರ ಗಾಯವಾಗಿ ಪ್ರಜ್ಞೆ ತಪ್ಪಿತ್ತು. ಅವನ ಶುಶ್ರೂಷೆ ಮುಗಿಯುವಷ್ಟರಲ್ಲಿ ಹಡಗಿನೊಡೆಯನ ಮಗಳು ಕಡಲಿಗೆ ಬಿದ್ದಳು. ತಂದೆಯ ಕಣ್ಣೆದುರೇ, ಹಡಗಿನ ಪಕ್ಕದಲ್ಲಿಯೇ ಮುಳುಗಿದಳು. ಯಾರಿಂದಲೂ ರಕ್ಷಿಸಲಾಗಲಿಲ್ಲ.

ಹಗಲಿರುಳು ರೋದನ. ತಂದೆ ಮತ್ತೆ ಕಣಿ ಕೇಳಿದನು. ಮಾನುವೆಲ್ ಸತ್ತಿದ್ದರೆ ಮಗಳು ಬೀಳುತ್ತಿರಲಿಲ್ಲವೆಂಬ ಉತ್ತರ ಬಂದಿತು. ಸುತ್ತಲೂ ಕಡಲು, ಒಳಗೆ ಶೋಕದಿಂದ ಕುದಿಯುವ ನಾವಿಕರು. ಯಾತ್ರಿಕರ ಪ್ರಾಣ ಆ ಇರುಳು ಒಂದು ಕಣಿಯ ಮೇಲೆ ತೂಗುತ್ತಿತ್ತು.

ಕ್ಸೇವಿಯರ್ ತಮ್ಮ ಭಯವನ್ನು ಮುಚ್ಚಿಡಲಿಲ್ಲ. ಗೋವೆಯ ಸಹೋದರರಿಗೆ ನವೆಂಬರ್ 5ರಂದು ಬರೆದ ದೀರ್ಘ ಪತ್ರದಲ್ಲಿ ಆ ಇರುಳನ್ನು ವಿವರವಾಗಿ ನಿವೇದಿಸಿದರು. ಅವರು ಕಂಡುಕೊಂಡ ಸತ್ಯ ಸರಳವಾದುದು: ಅಂಜಬೇಕಾದುದು ಅಲೆಗಳಿಗಲ್ಲ, ದೇವರಲ್ಲಿಟ್ಟ ಭರವಸೆ ಕುಂದುವುದಕ್ಕೆ. ತನ್ನ ಬಲವನ್ನು ನೆಚ್ಚಿದವನು ಬಲ ಉಡುಗಿದಾಗ ಕುಸಿಯುತ್ತಾನೆ. ದೇವರನ್ನು ನೆಚ್ಚಿದವನಿಗೆ ಭಯವಿದ್ದರೂ ಆ ಭಯ ಒಡೆಯನಾಗದು.

ಮಾನುವೆಲ್ ಚೇತರಿಸಿಕೊಂಡನು. ಚೀನಾದ ಬಂದರಿನಲ್ಲಿ ನಿಲ್ಲಲೆಳಸಿದ ಹಡಗಿನೊಡೆಯನಿಗೆ ಮುಂದೆ ಕಡಲ್ಗಳ್ಳರಿರುವ ಸುದ್ದಿ ಸಿಕ್ಕಿತು. ಗಾಳಿಯೂ ಜಪಾನಿನತ್ತಲೇ ಬೀಸಿತು. ಆಗಸ್ಟ್ 15ರಂದು, ಮಾತೆ ಮರಿಯಳ ಸ್ವರ್ಗಸ್ವೀಕಾರದ ಹಬ್ಬದಂದು, ಎಲ್ಲರೂ ಆಂಜಿರೊನ ಹುಟ್ಟೂರಾದ ಕಾಗೊಶಿಮಾವನ್ನು ತಲುಪಿದರು. ಪ್ಯಾರಿಸ್ಸಿನ ವ್ರತಕ್ಕೆ ಅಂದೇ ಹದಿನೈದು ವರ್ಷ.

ಎರಡು ವರ್ಷಗಳಿಗೂ ಮಿಕ್ಕಿ ಅಲ್ಲಿ ದುಡಿದು ಕ್ಸೇವಿಯರ್ ಮರಳಿದರು. ತೋರೆಸ್ ಮತ್ತು ಫೆರ್ನಾಂಡೆಸ್ ಜಪಾನಿನಲ್ಲಿಯೇ ಉಳಿದು ಅಲ್ಲಿಯೇ ಮಣ್ಣಾದರು. ಚೀನಾದ ಬಾಗಿಲಲ್ಲಿರುವ ಸಾಂಚಿಯನ್ ದ್ವೀಪದಲ್ಲಿ, ದೋಣಿಗಾಗಿ ಕಾಯುತ್ತಾ, 1552ರ ಡಿಸೆಂಬರ್ 3ರಂದು ಕ್ಸೇವಿಯರ್ ಕಣ್ಮುಚ್ಚಿದರು. ಆ ಕೊನೆಯ ದೋಣಿ ಬರಲೇ ಇಲ್ಲ. ಆದರೆ ಅವರ ಭರವಸೆ ದೋಣಿಯ ಮೇಲೆ ನಿಂತಿರಲಿಲ್ಲ. ನಮ್ಮ ಬಾಳಿನ ಬಿರುಗಾಳಿಯಲ್ಲಿ ನಾವು ಯಾವುದನ್ನು ನೆಚ್ಚಿ ನಿಂತಿದ್ದೇವೆ?