ಮಾಂಸದಲ್ಲಿ ಅಡಗಿದ್ದ ವಿಷ

ಮಕ್ಕಳೇ, ಮಾಂಸ ಕೆಡಬಾರದೆಂದು ಅದನ್ನು ಉಪ್ಪುನೀರಿನಲ್ಲಿ ಇಡುವುದುಂಟು. ಉಪ್ಪು ಸಾಲದಿದ್ದರೆ ಏನಾಗುತ್ತದೆ ಗೊತ್ತೆ? ಅದನ್ನು ತೋರಿಸಿಕೊಟ್ಟವರು ಎಮಿಲ್ ವಾನ್ ಎರ್ಮೆಂಗೆಮ್.

ಇವರು 1851ರಲ್ಲಿ ಬೆಲ್ಜಿಯಂ ದೇಶದ ಲೂವೆನ್ ನಗರದಲ್ಲಿ ಜನಿಸಿದರು. ವೈದ್ಯಶಾಸ್ತ್ರ ಓದಿ, ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಅವರ ಬಳಿ ಬ್ಯಾಕ್ಟೀರಿಯಗಳ ಬಗ್ಗೆ ಕಲಿತರು. ಮುಂದೆ ಗೆಂಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1895ರ ಡಿಸೆಂಬರ್‌ನಲ್ಲಿ ಎಲೆಜೆಲ್ ಎಂಬ ಹಳ್ಳಿಯಲ್ಲಿ ಒಂದು ಶವಸಂಸ್ಕಾರ ನಡೆಯಿತು. ವಾದ್ಯ ನುಡಿಸಲು ಬಂದವರು ಊಟದಲ್ಲಿ ಹ್ಯಾಮ್ ತಿಂದರು. ಹ್ಯಾಮ್ ಎಂದರೆ ಉಪ್ಪಿನಲ್ಲಿಟ್ಟ ಹಂದಿಯ ತೊಡೆಮಾಂಸ. ಅದನ್ನು ಬೇಯಿಸಿರಲಿಲ್ಲ. ತಿಂದವರಲ್ಲಿ ಹಲವರ ಕಣ್ಣು ಮಂಜಾಯಿತು. ನುಂಗುವುದು, ಮಾತನಾಡುವುದು ಕಷ್ಟವಾಯಿತು. ಮೂವರು ಸತ್ತರು.

ಆ ಮಾಂಸ ಕೊಳೆತಿರಲಿಲ್ಲ. ಹಾಗಾದರೆ ಕಾರಣವೇನು? ಎರ್ಮೆಂಗೆಮ್ ಅದನ್ನು ಪರೀಕ್ಷಿಸಿದರು. ಗಾಳಿಯಿಲ್ಲದ ಕಡೆ ಬೆಳೆಯುವ ಒಂದು ಬ್ಯಾಕ್ಟೀರಿಯ ಅದರಲ್ಲಿತ್ತು. ಸತ್ತವರೊಬ್ಬರ ದೇಹದಲ್ಲೂ ಅದೇ ಸಿಕ್ಕಿತು. ಅದು ಮಾಂಸದಲ್ಲೇ ವಿಷ ತಯಾರಿಸಿತ್ತು! ಸಾಕಷ್ಟು ಉಪ್ಪಿದ್ದರೆ ಈ ವಿಷ ಹುಟ್ಟುವುದಿಲ್ಲ, ಚೆನ್ನಾಗಿ ಕುದಿಸಿದರೆ ನಾಶವಾಗುತ್ತದೆ ಎಂದೂ ಅವರು ಕಂಡುಕೊಂಡರು. ಈ ಕಾಯಿಲೆಯ ಹೆಸರು ಬೊಟುಲಿಸಂ.

ಎರ್ಮೆಂಗೆಮ್ 1932ರಲ್ಲಿ ತೀರಿಕೊಂಡರು. ನೋಡಲು ಚೆನ್ನಾಗಿರುವ ಆಹಾರದಲ್ಲೂ ಅಪಾಯ ಇರಬಹುದು ಎಂಬ ಅವರ ಪಾಠವನ್ನು ನಾವು ಮರೆಯಬಾರದು.