ಅಳಿಯ ರಾಮರಾಯ: ಒಂದು ಸೋಲು, ಒಂದು ಪ್ರಶ್ನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮಕ್ಕಳು ಹಂಪೆಯ ಪ್ರವಾಸದಲ್ಲಿ ಅಧ್ಯಾಪಕರನ್ನು ಕೇಳುವ ಪ್ರಶ್ನೆಯೊಂದುಂಟು: ರಕ್ಕಸತಂಗಡಿಯಲ್ಲಿ ರಾಮರಾಯನು ಸೋಲದಿದ್ದರೆ ಈ ನಗರವು ಉಳಿಯುತ್ತಿತ್ತೇ? ಇದಕ್ಕೆ ಉತ್ತರವನ್ನು ಆತನ ಬಾಳಿನಲ್ಲಿಯೇ ಅರಸಬೇಕು.

ಆರವೀಡು ಮನೆತನದ ಶ್ರೀರಂಗನ ಮಗನಾದ ರಾಮರಾಯನು ತಾರುಣ್ಯದಲ್ಲಿ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದನೆಂದು ತಿಳಿದುಬರುತ್ತದೆ. ಅನಂತರ ಕೃಷ್ಣದೇವರಾಯನ ಆಶ್ರಯಕ್ಕೆ ಬಂದು, ಆತನ ಮಗಳನ್ನು ವರಿಸಿ ‘ಅಳಿಯ’ನೆನಿಸಿದನು. 1542ರಲ್ಲಿ ಅಚ್ಯುತರಾಯನು ಕಾಲವಾದ ಮೇಲೆ ಸಲಕರಾಜ ತಿರುಮಲನು ಅಧಿಕಾರವನ್ನು ಕಬಳಿಸಿದನು. ಅವನನ್ನು ಸೋಲಿಸಿ ಸದಾಶಿವರಾಯನಿಗೆ ಪಟ್ಟಗಟ್ಟಿದ ಕೀರ್ತಿ ರಾಮರಾಯನದು. ಆದರೆ ಸದಾಶಿವನು ಹೆಸರಿಗೆ ಮಾತ್ರ ಅರಸ. ರಾಜ್ಯದ ಸೂತ್ರವೆಲ್ಲ ರಾಮರಾಯ ಮತ್ತು ಆತನ ತಮ್ಮಂದಿರಾದ ತಿರುಮಲ, ವೆಂಕಟಾದ್ರಿಯರ ಕೈಯಲ್ಲಿತ್ತು.

ಸುಲ್ತಾನರ ಪರಸ್ಪರ ವೈರವನ್ನೇ ಆತನು ರಾಜ್ಯಕ್ಕೆ ಕೋಟೆಯಾಗಿಸಿದನು. ಒಮ್ಮೆ ಅಹಮದನಗರದೊಡನೆ ಕೂಡಿ ಬಿಜಾಪುರವನ್ನು, 1558ರ ಬಳಿಕ ಬಿಜಾಪುರದೊಡನೆ ಕೂಡಿ ಅಹಮದನಗರವನ್ನು ಮಣಿಸಿದನು. ಆತನ ಸೈನ್ಯದಲ್ಲಿ ಮುಸಲ್ಮಾನ ಸೇನಾನಿಗಳೂ ಇದ್ದರು. ಆದುದರಿಂದ ಇದನ್ನು ಕೇವಲ ಮತಯುದ್ಧವೆನ್ನಲಾಗದು. ಎರಡು ದಶಕಗಳ ಕಾಲ ಈ ತಂತ್ರ ಫಲಿಸಿತು. ಕಡೆಗೆ ಸರದಿಯಂತೆ ಅವಮಾನಿತರಾದವರೆಲ್ಲ ಒಂದಾದರು. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳ ಸೇನೆಗಳು 1565ರ ಜನವರಿಯಲ್ಲಿ ಕೃಷ್ಣಾನದಿಯನ್ನು ದಾಟಿ ಬಂದವು. ವೃದ್ಧನಾಗಿದ್ದರೂ ರಾಮರಾಯನು ತಾನೇ ರಣರಂಗಕ್ಕಿಳಿದು, ಸೆರೆಸಿಕ್ಕು ಶಿರಚ್ಛೇದಕ್ಕೊಳಗಾದನು. ತನ್ನವರೇ ಆದ ಇಬ್ಬರು ದಳಪತಿಗಳು ಕೈಕೊಟ್ಟರೆಂದು ವೆನಿಸಿನ ವರ್ತಕ ಸೀಸರ್ ಫ್ರೆಡರಿಕ್ ಬರೆದಿದ್ದಾನೆ.

ಆ ದಳಪತಿಗಳು ನಿಷ್ಠರಾಗಿದ್ದರೆ? ಕಾಳಗದ ಗತಿ ಬದಲಾಗಬಹುದಿತ್ತು. ಆದರೆ ಇದಕ್ಕಿಂತ ಮಿಗಿಲಾದ ಪ್ರಶ್ನೆ ಸೋಲಿನ ಮರುದಿನದ್ದು. ಕ್ರಿ.ಪೂ. 216ರಲ್ಲಿ ಕಾರ್ಥೇಜಿನ ಹ್ಯಾನಿಬಲನು ಕ್ಯಾನೆಯಲ್ಲಿ ರೋಮಿನ ಮಹಾಸೇನೆಯನ್ನು ಧೂಳೀಪಟ ಮಾಡಿದನು. ಅವನು ಒಡನೆಯೇ ರೋಮಿನತ್ತ ನಡೆದಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ಚರ್ಚೆ ನಡೆಯುತ್ತಿದೆ. ಅವನು ನಡೆಯಲಿಲ್ಲ, ರೋಮು ಸಂಧಿಗೂ ಒಪ್ಪಲಿಲ್ಲ. ಒಬ್ಬ ಸೇನಾಪತಿ ಬಿದ್ದರೆ ಮತ್ತೊಬ್ಬನನ್ನು ಆರಿಸುವ ವ್ಯವಸ್ಥೆ ಅಲ್ಲಿತ್ತು. ವಿಜಯನಗರದಲ್ಲಿ ಎಲ್ಲವೂ ಒಂದೇ ಮನೆಯಲ್ಲಿ ನೆಲೆಗೊಂಡಿತ್ತು. ಆ ಮನೆಯ ಯಜಮಾನ ಬಿದ್ದೊಡನೆ ತಿರುಮಲನು ಬೊಕ್ಕಸವನ್ನೂ ಸದಾಶಿವರಾಯನನ್ನೂ ಕರೆದೊಯ್ದು ಪೆನುಗೊಂಡೆಯತ್ತ ಸರಿದನು. ಕೋಟೆಗಳಿದ್ದವು, ನದಿಯಿತ್ತು, ಕಾಯುವ ಕೈಗಳಿರಲಿಲ್ಲ. ವಿಜಯಿಗಳು ನಗರವನ್ನು ತಿಂಗಳುಗಟ್ಟಲೆ ಲೂಟಿ ಮಾಡಿದರು.

1567ರಲ್ಲಿ ಅಲ್ಲಿ ತಂಗಿದ್ದ ಫ್ರೆಡರಿಕನು ಮನೆಗಳು ಇನ್ನೂ ನಿಂತಿದ್ದುದನ್ನೂ, ಜನರಿಲ್ಲದುದನ್ನೂ ಕಂಡನು. ನಗರವನ್ನು ಮತ್ತೆ ತುಂಬಿಸುವ ತಿರುಮಲನ ಯತ್ನ ಫಲಿಸಲಿಲ್ಲ. ಸಾಮ್ರಾಜ್ಯವೇನೋ ಪೆನುಗೊಂಡೆ, ಚಂದ್ರಗಿರಿ, ವೆಲ್ಲೂರುಗಳಲ್ಲಿ ಹದಿನೇಳನೆಯ ಶತಮಾನದವರೆಗೂ ಉಳಿಯಿತು. ತುಂಗಭದ್ರೆಯ ದಡವನ್ನು ಮಾತ್ರ ಶಾಶ್ವತವಾಗಿ ತೊರೆಯಿತು. ನಮ್ಮ ನಾಡು ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳ ಪಾಳೆಯಗಾರರ ಪಾಲಾಯಿತು.

ಹೀಗಾಗಿ ಮಕ್ಕಳ ಪ್ರಶ್ನೆಗೆ ಉತ್ತರವಿಷ್ಟೆ: ನಗರವನ್ನು ಹಾಳುಗೆಡವಿದ್ದು ಸೋಲೊಂದೇ ಅಲ್ಲ, ಸೋಲಿನ ಮರುದಿನ ಎದ್ದುನಿಲ್ಲುವ ವ್ಯವಸ್ಥೆಯ ಅಭಾವ. ರಾಮರಾಯನು ಸಮರ್ಥನಾಗಿದ್ದನು, ತಾನಿಲ್ಲದ ದಿನಕ್ಕಾಗಿ ಏನನ್ನೂ ಕಟ್ಟಿರಲಿಲ್ಲ. ವಿದ್ಯಾಸಂಸ್ಥೆಗಳನ್ನು ಕಟ್ಟಿ ಬೆಳೆಸುವವರೂ, ಅವುಗಳಿಗೆ ದಾನವೀಯುವವರೂ ಮನದಲ್ಲಿಡಬೇಕಾದ ಮಾತಿದು. ವ್ಯಕ್ತಿಯನ್ನು ನಂಬಿದ ಮನೆ ವ್ಯಕ್ತಿಯೊಡನೆ ಕುಸಿಯುತ್ತದೆ. ಹಲವರ ಹೆಗಲ ಮೇಲೆ ನಿಂತದ್ದು ಬಾಳುತ್ತದೆ.